ಬಿಪಿ ಮಾತ್ರೆ ನಿಲ್ಲಿಸಬೇಡ ಪುಟ್ಟು

ಪ್ರೀತಿಯ ಪುಟ್ಟು,

ರಾತ್ರಿ ನೀನು ಕಳಿಸಿದ ಮೆಸೇಜನ್ನು ಬೆಳಗ್ಗೆ ಎದ್ದ ಮೇಲೆ ನೋಡಿದೆ. ಕೊರೊನಾ ಪಾಸಿಟಿವ್ ಬಂದಿದೆ, ಜ್ವರ 101 ಇದೆ, ಬಿಪಿ ಇದ್ದವರಿಗೆ ಇದು ಬಂದರೆ ಕಷ್ಟವಂತೆ, ಆ ಮಾತ್ರೆಯೇ ವೈರಸ್ಸಿಗೆ ದಾರಿ ಮಾಡಿಕೊಡುತ್ತಂತೆ, ಅದಕ್ಕೇ ಎರಡು ದಿನದಿಂದ ತಗೊಂಡಿಲ್ಲ ದೊಡ್ಡಮ್ಮಾ ಅಂತ ಬರೆದಿದ್ದೀಯ. ಆ ಕೊನೆಯ ಸಾಲು ಓದಿ ಎದೆ ಧಸಕ್ ಅಂದಿತು. ಎರಡು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಜ್ವರದಲ್ಲಿ ನಿದ್ದೆ ಹತ್ತಿರಬೇಕು, ಮಲಗು. ಆದರೆ ಎದ್ದ ಕೂಡಲೇ ಡಾಕ್ಟರಿಗೆ ಫೋನ್ ಮಾಡು. ಎರಡು ದಿನ ಮಾತ್ರೆ ಬಿಟ್ಟಿದ್ದೇನೆ ಅಂತ ಮುಚ್ಚಿಡದೆ ಹೇಳು, ಈಗಿನ ಬಿಪಿ ಎಷ್ಟಿದೆ ಅಂತ ಹೇಳು, ಮತ್ತೆ ಹೇಗೆ ಶುರು ಮಾಡಲಿ ಅಂತ ಕೇಳು. ಬಿಟ್ಟುಹೋದ ಎರಡು ದಿನದ್ದನ್ನೂ ಸೇರಿಸಿ ಒಟ್ಟಿಗೆ ನುಂಗಬೇಡ. ಇಷ್ಟು ಆದ ಮೇಲೆ ಮಿಕ್ಕಿದ್ದು ಓದು.

ನೀನು ಕೇಳಿದ ಮಾತು ಪೂರ್ತಿ ಸುಳ್ಳಲ್ಲ, ಅದಕ್ಕೇ ಅದು ಇನ್ನೂ ಓಡಾಡುತ್ತಿದೆ. ಈ ವೈರಸ್ಸಿನ ಮೈಮೇಲಿನ ಮುಳ್ಳು ನಮ್ಮ ಜೀವಕೋಶದ ಮೇಲಿರುವ ಎಸಿಇ2 ಅನ್ನೋ ಪ್ರೋಟೀನನ್ನು ಹಿಡಿದುಕೊಂಡೇ ಒಳಗೆ ನುಗ್ಗುತ್ತದೆ. ರಾಮಿಪ್ರಿಲ್, ಎನಲಾಪ್ರಿಲ್ ತರದ್ದು ಮತ್ತು ನಿನ್ನ ಟೆಲ್ಮಿಸಾರ್ಟನ್, ಲೊಸಾರ್ಟನ್ ತರದ ಬಿಪಿ ಮಾತ್ರೆಗಳು ಕೆಲಸ ಮಾಡುವುದೂ ಈ ಎಸಿಇ2 ಸೇರಿರುವ, ಬಿಪಿಯನ್ನು ಏರಿಳಿಸುವ ವ್ಯವಸ್ಥೆಯ ಮೇಲೆ. ಇವನ್ನು ತಗೊಂಡರೆ ಎಸಿಇ2 ಜಾಸ್ತಿಯಾಗಿ ವೈರಸ್ಸಿಗೆ ಬಾಗಿಲು ಅಗಲವಾಗಬಹುದೇನೋ ಅಂತ 2020ರ ಮಾರ್ಚ್‌ನಲ್ಲಿ ಕೆಲವು ತಜ್ಞರೇ ಅನುಮಾನ ಪಟ್ಟರು. ಅದು ಅನುಮಾನ ಅಷ್ಟೇ. ಅದೇ ತಿಂಗಳು ಯುರೋಪಿನ ಮತ್ತು ಅಮೆರಿಕದ ಹೃದ್ರೋಗ ಸಂಘಗಳು ಮಾತ್ರೆ ನಿಲ್ಲಿಸಬೇಡಿ ಅಂತ ಹೇಳಿಕೆ ಕೊಟ್ಟವು. ಆದರೆ ಜನರ ಕಿವಿಗೆ ಬಿದ್ದದ್ದು ಅನುಮಾನ ಮಾತ್ರ.

ಆಮೇಲೆ ಅದನ್ನು ಸರಿಯಾಗಿ ಪರೀಕ್ಷೆ ಮಾಡಿಯೂ ನೋಡಿದರು. ಬ್ರೆಜಿಲ್‌ನಲ್ಲಿ ಕೊರೊನಾ ಬಂದು ಆಸ್ಪತ್ರೆ ಸೇರಿದ, ಮೊದಲಿನಿಂದ ಈ ಮಾತ್ರೆ ತಗೊಳ್ಳುತ್ತಿದ್ದ 659 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ 30 ದಿನ ಮಾತ್ರೆ ನಿಲ್ಲಿಸಿದರು, ಇನ್ನೊಂದಕ್ಕೆ ಮುಂದುವರಿಸಿದರು. ಆ 30 ದಿನದಲ್ಲಿ ಜೀವಂತವಾಗಿ, ಆಸ್ಪತ್ರೆಯ ಹೊರಗೆ ಕಳೆದ ದಿನಗಳು ಎಷ್ಟು ಅಂತ ಲೆಕ್ಕ ಹಾಕಿದರೆ, ನಿಲ್ಲಿಸಿದವರಿಗೆ ಸರಾಸರಿ 21.9, ಮುಂದುವರಿಸಿದವರಿಗೆ 22.9. ನಿಲ್ಲಿಸಿದ್ದರಿಂದ ಯಾವ ಲಾಭವೂ ಆಗಲಿಲ್ಲ. 2021ರ ಜನವರಿಯಲ್ಲೇ ಇದು ಪ್ರಕಟವಾಯಿತು. ನಿನಗೆ ಆ ಮಾತು ಹೇಳಿದವರು ನಿನ್ನ ಒಳ್ಳೆಯದಕ್ಕೇ ಹೇಳಿರುತ್ತಾರೆ ಕಣೋ, ಆದರೆ ಅದು ಹಳೇ ಸುದ್ದಿ.

ಇನ್ನು ನಿನ್ನ ಭಯದ ಮಾತು. ಬಿಪಿ ಇದ್ದವರಿಗೆ ಕೊರೊನಾ ಕಷ್ಟ ಅನ್ನೋದು ಎಲ್ಲಿಂದ ಬಂತು ಗೊತ್ತಾ? ಶುರುವಿನಲ್ಲಿ, 2020ರ ಫೆಬ್ರವರಿಯಲ್ಲಿ, ಚೀನಾದವರು 44,672 ರೋಗಿಗಳ ಲೆಕ್ಕ ಕೊಟ್ಟರು. ಒಟ್ಟಾರೆ ನೂರಕ್ಕೆ 2.3 ಜನ ತೀರಿಕೊಂಡಿದ್ದರು, ಬಿಪಿ ಇದ್ದವರಲ್ಲಿ ನೂರಕ್ಕೆ 6. ಅದನ್ನು ನೋಡಿ ಎಲ್ಲರೂ ಹೆದರಿದೆವು, ನಾನೂ ಹೆದರಿದೆ. ಆದರೆ ಅದು ಲಸಿಕೆ ಬರುವುದಕ್ಕೆ ಮುಂಚಿನ ಲೆಕ್ಕ. ಅಲ್ಲದೆ ಬಿಪಿ ಇರುವವರಲ್ಲಿ ವಯಸ್ಸಾದವರೇ ಜಾಸ್ತಿ, ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇರುವವರೂ ಅವರಲ್ಲೇ ಜಾಸ್ತಿ. ಹಾಗಾಗಿ ಎಷ್ಟು ಪಾಲು ವಯಸ್ಸಿನದು, ಎಷ್ಟು ಪಾಲು ಬಿಪಿಯದು ಅಂತ ಬಿಡಿಸುವುದು ಸುಲಭ ಅಲ್ಲ. ನಿನಗೆ 41. ಲಸಿಕೆ ಹಾಕಿಸಿದ್ದೀಯ. ಆ 6ನ್ನು ನಿನ್ನ ಹಣೆಬರಹ ಅಂದುಕೊಳ್ಳಬೇಡ.

ಹಾಗಂತ ಬಿಪಿಯನ್ನು ಹಗುರವಾಗಿ ತಗೊಳ್ಳಬೇಡ. ವರ್ಷಗಟ್ಟಲೆ ಒತ್ತಡ ಜಾಸ್ತಿ ಇದ್ದರೆ ರಕ್ತನಾಳದ ಒಳಪದರ ಒರಟಾಗುತ್ತದೆ, ಹೃದಯದ ಎಡಗಡೆಯ ಗೋಡೆ ದಪ್ಪವಾಗುತ್ತದೆ, ಕಿಡ್ನಿಯ ಸಣ್ಣ ಸಣ್ಣ ನಾಳಗಳು ಸವೆಯುತ್ತವೆ, ಮತ್ತು ಇದೆಲ್ಲ ಒಂದು ದಿನವೂ ನೋವು ಕೊಡದೆ ನಡೆಯುತ್ತಿರುತ್ತದೆ. ಈ ವೈರಸ್ಸು ಹೊಡೆಯುವುದೂ ಅದೇ ಜಾಗಕ್ಕೆ. ರಕ್ತನಾಳದ ಪದರ ಊದಿಕೊಳ್ಳುತ್ತದೆ, ರಕ್ತ ಹೆಪ್ಪುಗಟ್ಟುವ ಗುಣ ಜಾಸ್ತಿಯಾಗುತ್ತದೆ. ಜ್ವರಕ್ಕೆ ಹೃದಯ ಜೋರಾಗಿ ಬಡಿಯಬೇಕು, ಜಾಸ್ತಿ ಆಕ್ಸಿಜನ್ ಬೇಕು, ಶ್ವಾಸಕೋಶ ಕೊಡುವುದು ಮಾತ್ರ ಕಡಿಮೆಯಾಗುತ್ತದೆ. ಮೊದಲೇ ದಣಿದ ಹೃದಯ ಆಗ ಏನು ಮಾಡಬೇಕು ಹೇಳು? ಈಗಲೇ ಅದರ ಭಾರ ಇಳಿಸುವ ಮಾತ್ರೆ ಬೇಕಾಗಿರುವುದು, ಈಗಲೇ ನೀನು ಬಿಟ್ಟಿದ್ದೀಯ. ನೆನಪಿರಲಿ, ಅಟೆನೊಲಾಲ್, ಮೆಟೊಪ್ರೊಲಾಲ್ ತರದ ಬಿಪಿ ಮಾತ್ರೆಗಳನ್ನು ಹಠಾತ್ತಾಗಿ ನಿಲ್ಲಿಸುವುದಂತೂ ಇನ್ನೂ ಅಪಾಯ. ನಿನ್ನ ಗೆಳೆಯರು ಯಾರಾದರೂ ತಗೊಳ್ಳುತ್ತಿದ್ದರೆ ಹೇಳು.

ನನಗೆ ಕೊರೊನಾ ಬಂದಾಗ ನಾನು ಬಿಪಿ ಮಾತ್ರೆ ಬಿಡಲಿಲ್ಲ. ಆದರೆ ಬೇರೆ ತಪ್ಪು ಮಾಡಿದೆ. ಮೂರನೇ ದಿನ ಮೂಗು ಕಟ್ಟಿ ಉಸಿರಾಡಲು ಆಗದೆ, ಡ್ರಾಯರಿನಲ್ಲಿದ್ದ ನೆಗಡಿ ಮಾತ್ರೆ ಯಾರನ್ನೂ ಕೇಳದೆ ನುಂಗಿದೆ, ಆರು ಗಂಟೆ ಬಿಟ್ಟು ಇನ್ನೊಂದು. ಸಂಜೆ ಹೊತ್ತಿಗೆ ತಲೆಯ ಹಿಂಭಾಗ ಸಿಡಿಯುತ್ತಿತ್ತು, ಕಿವಿಯೊಳಗೆ ನಾಡಿ ಕೇಳಿಸುತ್ತಿತ್ತು. ಬಿಪಿ ಪಟ್ಟಿ ಕಟ್ಟಿಕೊಂಡು ಗುಂಡಿ ಒತ್ತಿದೆ. ಅದು ತೋಳನ್ನು ಬಿಗಿದು, ಸಾಲದು ಅಂತ ಮತ್ತೊಮ್ಮೆ ಉಬ್ಬಿ ಇನ್ನೂ ಬಿಗಿದು, ನಿಧಾನಕ್ಕೆ ಇಳಿದು 172/104 ತೋರಿಸಿತು. ನಂಬದೆ ಐದು ನಿಮಿಷ ಬಿಟ್ಟು ನೋಡಿದರೆ 170/104. ಡಾಕ್ಟರಿಗೆ ಫೋನ್ ಮಾಡಿದಾಗ ಅವರು ಮೊದಲು ಕೇಳಿದ್ದೇ ಬೇರೆ ಏನು ತಗೊಂಡಿರಿ ಅಂತ. ಕನ್ನಡಕ ಹಾಕಿಕೊಂಡು ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿದ್ದದ್ದನ್ನು ಓದಿ ಹೇಳಿದೆ, ಫಿನೈಲೆಫ್ರಿನ್. ಮೂಗಿನ ರಕ್ತನಾಳವನ್ನು ಕುಗ್ಗಿಸಿ ಮೂಗು ಬಿಡಿಸುವ ಔಷಧ ಅದು, ಮೈಯ ಬೇರೆ ನಾಳಗಳನ್ನೂ ಕುಗ್ಗಿಸುತ್ತದೆ. ಸೂಡೊಎಫೆಡ್ರಿನ್ ಕೂಡ ಅದೇ ಜಾತಿ. ನಿನ್ನ ಹತ್ತಿರ ಇರುವ ಪ್ರತಿ ಸ್ಟ್ರಿಪ್ಪನ್ನೂ ತಿರುಗಿಸಿ ಓದು ಪುಟ್ಟು. ಮೈಕೈ ನೋವಿಗೆ ಅಂತ ಐಬುಪ್ರೊಫೆನ್, ಡೈಕ್ಲೊಫೆನಾಕ್ ಸುಮ್ನೆ ನುಂಗಬೇಡ, ಅವು ಬಿಪಿ ಏರಿಸುತ್ತವೆ, ನಿನ್ನ ಬಿಪಿ ಮಾತ್ರೆಯ ಜೊತೆ ಸೇರಿದರೆ ಕಿಡ್ನಿಗೂ ಕಷ್ಟ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ಅದೂ ಹೇಳಿದಷ್ಟೇ. ನೀರಿನಲ್ಲಿ ಬುರುಬುರು ಕರಗುವ ಪ್ಯಾರಾಸಿಟಮಾಲ್‌ನಲ್ಲಿ ಸೋಡಿಯಂ ಜಾಸ್ತಿ, ಅದು ಬೇಡ.

ಸ್ಟೀರಾಯ್ಡ್ ಬಗ್ಗೆಯೂ ಹೇಳಿಬಿಡುತ್ತೇನೆ. ಡೆಕ್ಸಾಮೆಥಾಸೋನ್ ಜೀವ ಉಳಿಸಿದ್ದು ನಿಜ, 2020ರಲ್ಲಿ ಬ್ರಿಟನ್ನಿನಲ್ಲಿ ನಡೆದ ರಿಕವರಿ ಅನ್ನೋ ದೊಡ್ಡ ಅಧ್ಯಯನದಲ್ಲಿ ಅದು ಗೊತ್ತಾಯಿತು. ಆದರೆ ಉಳಿಸಿದ್ದು ಆಕ್ಸಿಜನ್ ಬೇಕಾದವರನ್ನು. ಬೇಡದವರಿಗೆ ಉಪಯೋಗ ಆಗಲಿಲ್ಲ. ಬಿಪಿ, ಸಕ್ಕರೆ ಎರಡನ್ನೂ ಏರಿಸುವ ಔಷಧ ಅದು, ನೀನಾಗಿ ಮುಟ್ಟಬೇಡ. ಡಾಕ್ಟರು ನಿರ್ಮಾಟ್ರೆಲ್ವಿರ್, ರಿಟೊನಾವಿರ್ ಸೇರಿದ ಕೊರೊನಾ ಮಾತ್ರೆ ಬರೆದರೆ, ನಿನ್ನ ಬಿಪಿ ಮಾತ್ರೆಯಲ್ಲಿ ಅಮ್ಲೊಡಿಪಿನ್ ಕೂಡ ಇದೆ ಅಂತ ನೆನಪಿಸು. ರಿಟೊನಾವಿರ್ ಅದನ್ನು ಮೈಯಲ್ಲಿ ಜಾಸ್ತಿ ಹೊತ್ತು ಉಳಿಸಿ ಬಿಪಿ ತೀರಾ ಇಳಿಸಬಹುದು, ಡೋಸ್ ಕಡಿಮೆ ಮಾಡಬೇಕಾಗಬಹುದು.

ಇಳಿಯುವುದೂ ಅಪಾಯವೇ. ನಿನ್ನ ದೊಡ್ಡಪ್ಪನಿಗೆ ಅದೇ ಆಗಿದ್ದು. ಅವರಿಗೆ ಕೊರೊನಾದಲ್ಲಿ ವಾಂತಿ ಭೇದಿ ಜಾಸ್ತಿ ಇತ್ತು, ಎರಡನೇ ದಿನ ಬಚ್ಚಲಿನಿಂದ ಬರುವಾಗ ಗೋಡೆ ಹಿಡಿದು ಹಾಗೇ ಕುಸಿದರು. ನೋಡಿದರೆ 92/58. ಅವರ ಮಾತ್ರೆಯಲ್ಲಿ ಮೂತ್ರ ಜಾಸ್ತಿ ಮಾಡಿಸುವ ಔಷಧವೂ ಇತ್ತು, ಮೈಯಲ್ಲಿ ನೀರೇ ಇಲ್ಲದಾಗ ಅದು ಇನ್ನಷ್ಟು ನೀರು ತೆಗೆಯುತ್ತಿತ್ತು. ಡಾಕ್ಟರು ಅದನ್ನು ಎರಡು ದಿನ ನಿಲ್ಲಿಸಲು ಹೇಳಿದರು, ರಕ್ತ ಪರೀಕ್ಷೆ ಮಾಡಿ ಕಿಡ್ನಿ ನೋಡಿದರು, ಊಟ ನೀರು ಸೇರಲು ಶುರುವಾದ ಮೇಲೆ ಮತ್ತೆ ಕೊಟ್ಟರು. ಹಾಗಾದರೆ ನಿಲ್ಲಿಸಬಹುದು ಅಲ್ವಾ ಅಂತ ನೀನು ಕೇಳುತ್ತೀಯ. ಅಲ್ಲಿ ಸಂಖ್ಯೆ ನೋಡಿ, ಕಾರಣ ನೋಡಿ, ಯಾವುದು, ಎಷ್ಟು ದಿನ ಅಂತ ತಿಳಿದವರು ನಿಲ್ಲಿಸಿದರು. ನೀನು ನಿಲ್ಲಿಸಿದ್ದು ಹೆದರಿ. ವಾಂತಿ ಭೇದಿ ಆದರೆ, ಎದ್ದಾಗ ಕಣ್ಣು ಕತ್ತಲೆ ಬಂದರೆ, ಆಗಲೇ ಫೋನ್ ಮಾಡು.

ಬಿಪಿ ನೋಡುವಾಗ ಗಡಿಬಿಡಿ ಮಾಡಬೇಡ. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಒರಗು ಇಟ್ಟು, ಕಾಲು ನೆಲಕ್ಕೆ ಊರಿ ಐದು ನಿಮಿಷ ಸುಮ್ನೆ ಕೂರು. ಪಟ್ಟಿಯನ್ನು ಬಟ್ಟೆಯ ಮೇಲಲ್ಲ, ಬರಿದಾದ ತೋಳಿಗೆ ಕಟ್ಟು, ತೋಳು ಎದೆಯ ಮಟ್ಟಕ್ಕೆ ಇರಲಿ. ಮಾತಾಡಬೇಡ, ಫೋನ್ ನೋಡಬೇಡ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ ಎರಡನ್ನೂ ಬರೆದಿಡು. ಮನೆಯಲ್ಲಿ 135/85ರ ಕೆಳಗಿದ್ದರೆ ಒಳ್ಳೆಯದು, ಜ್ವರದಲ್ಲಿ ಸ್ವಲ್ಪ ಆಚೀಚೆ ಆದರೆ ಕಂಗಾಲಾಗಬೇಡ. ಆದರೆ 180/120 ದಾಟಿ, ಜೊತೆಗೆ ಎದೆನೋವು, ಉಸಿರಾಟದ ಕಷ್ಟ, ಮಾತು ತೊದಲುವುದು, ಒಂದು ಕೈ ಸೋಲುವುದು, ಕಣ್ಣು ಮಂಜಾಗುವುದು, ಯಾವುದಾದರೂ ಒಂದು ಬಂದರೂ ಯಾರನ್ನೂ ಕೇಳಬೇಡ, ನೇರ ಆಸ್ಪತ್ರೆಗೆ ಹೋಗು. ಈ ಲಕ್ಷಣಗಳಿಗೆ ಬಿಪಿ ಎಷ್ಟಿದ್ದರೂ ಕಾಯಬಾರದು. ಬೆರಳಿಗೆ ಹಾಕುವ ಆಕ್ಸಿಮೀಟರ್ ಕೂಡ ದಿನಕ್ಕೆ ಮೂರು ಸಲ ನೋಡು, ಬೆರಳು ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿಕೊಂಡು ಹಾಕು. 94 ಅಥವಾ 93 ತೋರಿಸಿದರೆ ಡಾಕ್ಟರಿಗೆ ಹೇಳು, 92 ಅಥವಾ ಅದಕ್ಕಿಂತ ಕೆಳಗಾದರೆ ಆಸ್ಪತ್ರೆ. ಉಸಿರು ಕಟ್ಟಿದ ಹಾಗೆ ಅನಿಸದೇ ಇದ್ದರೂ ಹೋಗು, ಈ ಕಾಯಿಲೆಯಲ್ಲಿ ಆಕ್ಸಿಜನ್ ಗೊತ್ತಾಗದೆಯೂ ಇಳಿಯುತ್ತದೆ.

ನಿನ್ನ ಅಪ್ಪ ಅಮ್ಮನಿಗೆ ಹೇಳಿಲ್ಲ ಅಂತ ಬರೆದಿದ್ದೀಯ. ಹೇಳು. ಒಬ್ಬನೇ ಕೋಣೆಯಲ್ಲಿ ಮಲಗಿರುವವನ ಬಗ್ಗೆ ಹೊರಗಡೆ ಒಬ್ಬರಿಗಾದರೂ ಗೊತ್ತಿರಬೇಕು. ಇವತ್ತು ರಾತ್ರಿ ಒಂಬತ್ತಕ್ಕೆ ಬಿಪಿ, ಆಕ್ಸಿಜನ್, ಜ್ವರ ಮೂರನ್ನೂ ಬರೆದು ನನಗೆ ಕಳಿಸು, ಡಾಕ್ಟರು ಏನಂದರು ಅಂತಲೂ ಬರೆ. ಬರುವವರೆಗೂ ನಾನು ಎದ್ದಿರುತ್ತೇನೆ.

ನಿನ್ನ
ದೊಡ್ಡಮ್ಮ