ಕಾಂಗ್ರೆಸ್ ಕಸ: ಹೂ ಬಿಡುವ ಮುನ್ನ ಕೀಳಿಸಿ

ಸಂಪಾದಕರೇ,

ಹುಬ್ಬಳ್ಳಿ-ಧಾರವಾಡದ ಖಾಲಿ ಸೈಟು, ಬಡಾವಣೆಯ ರಸ್ತೆ ಬದಿ, ಶಾಲಾ ಮೈದಾನಗಳಲ್ಲಿ ಕಾಂಗ್ರೆಸ್ ಕಸ ಎದೆಮಟ್ಟ ಬೆಳೆದು ಬೆಳ್ಳಗೆ ಹೂ ಬಿಟ್ಟ ಮೇಲೆ, ಗಣೇಶನ ಹಬ್ಬ ಹತ್ತಿರ ಬಂತೆಂದು ಯಂತ್ರದಿಂದ ಕತ್ತರಿಸುವ ರೂಢಿಯಿದೆ. ಇದು ಕಸ ತೆಗೆಯುವ ಕೆಲಸವಲ್ಲ, ಬಿತ್ತುವ ಕೆಲಸ. ಒಂದು ಗಿಡ 15ರಿಂದ 25 ಸಾವಿರ ಬೀಜ ಉದುರಿಸಬಲ್ಲದು. ಜೆಸಿಬಿ ಗಾಲಿಗೆ ಮೆತ್ತಿದ ಎರಿ ಮಣ್ಣಿನೊಂದಿಗೆ ಆ ಬೀಜ ಮುಂದಿನ ಬಡಾವಣೆ ಸೇರುತ್ತದೆ. ನೆಲದಲ್ಲಿ ಉಳಿದ ಬುಡ ಮತ್ತೆ ಚಿಗುರುತ್ತದೆ.

ಕತ್ತರಿಸುವವರ ಪಾಡು ಇನ್ನೂ ಕಷ್ಟ. ಎಲೆ-ಕಾಂಡದ ಮೇಲಿನ ಸಣ್ಣ ಕೂದಲುಗಳಲ್ಲಿ ಪಾರ್ಥೇನಿನ್ ಎಂಬ ವಿಷವಿದೆ. ಯಂತ್ರ ಗಿಡವನ್ನು ಪುಡಿ ಮಾಡಿ ಮುಖ, ಕುತ್ತಿಗೆಗೆ ಎರಚುತ್ತದೆ. ಅಲರ್ಜಿ ಮೊದಲ ದಿನವೇ ಬರುವುದಿಲ್ಲ. ಮತ್ತೆ ಮತ್ತೆ ಸೋಕಿದ ಮೇಲೆ ಒಮ್ಮೆ ಹಿಡಿಯಿತೆಂದರೆ, ಆಮೇಲೆ ಗಾಳಿಯಲ್ಲಿ ಬಂದ ಧೂಳೂ ಸಾಕು. ಇದನ್ನು ಬಿಸಿಲಿನ ಅಲರ್ಜಿ ಎಂದುಕೊಂಡು ವರ್ಷಗಟ್ಟಲೆ ಮುಲಾಮು ಹಚ್ಚುವವರಿದ್ದಾರೆ. ಬಿಸಿಲಿನದಾದರೆ ಮೇಲಿನ ರೆಪ್ಪೆ, ಗದ್ದದ ಕೆಳಗೆ, ಕಿವಿಯ ಹಿಂದೆ ಸಾಮಾನ್ಯವಾಗಿ ಏನೂ ಆಗಿರುವುದಿಲ್ಲ. ಕಾಂಗ್ರೆಸ್ ಕಸದ್ದಾದರೆ ಅಲ್ಲಿಯೂ, ಮೊಣಕೈ ಮಡಿಕೆಯಲ್ಲಿಯೂ ಚರ್ಮ ದಪ್ಪಗಾಗಿ, ಕಪ್ಪಾಗಿ ತುರಿಸುತ್ತದೆ. ಇಂಥವರಿಗೆ ಅದೇ ಸಸ್ಯ ಕುಟುಂಬದ ಸೇವಂತಿಗೆ ಮುಟ್ಟಿದರೂ ತೊಂದರೆ ಮರುಕಳಿಸಬಹುದು. ಹೂ ಬೆಳೆಯುವ, ಕಟ್ಟುವ ಮನೆಯವರು ಚರ್ಮ ವೈದ್ಯರಿಗೆ ಇದನ್ನು ತಪ್ಪದೇ ಹೇಳಬೇಕು.

ದನ ಇದನ್ನು ಮೂಸಿ ಬಿಡುತ್ತವೆ. ಮೇವಿಲ್ಲದೆ ತಿಂದರೆ ಹಾಲು ಕಹಿಯಾಗುತ್ತದೆ. ಇದರ ಬೇರು ಮತ್ತು ಕೊಳೆತ ಎಲೆಯಿಂದ ಇಳಿಯುವ ರಸ ಅಕ್ಕಪಕ್ಕದ ಹುಲ್ಲಿನ ಬೀಜ ಮೊಳೆಯದಂತೆ ತಡೆಯುತ್ತದೆ. ಹಾಗಾಗಿ ರಾಣೆಬೆನ್ನೂರಿನ ಕೃಷ್ಣಮೃಗಗಳಂಥ, ಬಯಲ ಹುಲ್ಲನ್ನೇ ನಂಬಿದ ಪ್ರಾಣಿಗಳಿಗೆ ಈ ಕಸ ಹಬ್ಬಿದಷ್ಟೂ ಮೇವು ಕಡಿಮೆ.

ಮೊಳೆತ 4ರಿಂದ 6 ವಾರಗಳಲ್ಲಿ ಗಿಡ ಹೂ ಬಿಡುತ್ತದೆ. ಅಂದರೆ ಮುಂಗಾರು ಹಿಡಿದ ಮೂರನೇ ವಾರದೊಳಗೆ, ಎಲೆಗಳು ಇನ್ನೂ ನೆಲಕ್ಕೆ ಹರಡಿಕೊಂಡಿರುವಾಗಲೇ, ನೆಲ ಹಸಿಯಿದ್ದ ದಿನ ಬುಡ ಹಿಡಿದು ಬೇರುಸಹಿತ ಕೀಳಬೇಕು. ಒಣಗಿದ ಎರಿಯಲ್ಲಿ ಎಳೆದರೆ ಬೇರು ತುಂಡಾಗಿ ಒಳಗೇ ಉಳಿಯುತ್ತದೆ. ರಬ್ಬರ್ ಕೈಗವಸು, ತೋಳು ಮುಚ್ಚುವ ಅಂಗಿ, ಮಾಸ್ಕ್ ಇಲ್ಲದೆ ಯಾರನ್ನೂ ಈ ಕೆಲಸಕ್ಕೆ ಇಳಿಸಬಾರದು. ಈಗಾಗಲೇ ಅಲರ್ಜಿ ಇದ್ದವರನ್ನಂತೂ ಇಳಿಸಲೇಬಾರದು. ಹೂವಿಲ್ಲದ ಗಿಡ ಗೊಬ್ಬರದ ಗುಂಡಿಗೆ ಆದೀತು. ಹೂ ಬಂದದ್ದನ್ನು ಗುಂಡಿಗೆ ಹಾಕಿದರೆ ಬೀಜ ಗೊಬ್ಬರದೊಂದಿಗೆ ಹೊಲ ಸೇರುತ್ತದೆ.

ಕಲ್ಲು, ಕಾಂಪೌಂಡ್ ಸಂದಿಯಲ್ಲಿ ಕೀಳಲಾಗದ ಕಡೆ ಲೀಟರ್ ನೀರಿಗೆ 200 ಗ್ರಾಂ ಅಡುಗೆ ಉಪ್ಪು ಕರಗಿಸಿ, ಬಿಸಿಲಿದ್ದ ದಿನ ಎಲೆ ಪೂರ್ತಿ ತೊಯ್ಯುವಂತೆ ಸಿಂಪಡಿಸಬಹುದು. ಹೊಲ, ಕೈತೋಟದಲ್ಲಿ ಇದು ಬೇಡ, ಮಣ್ಣು ಸವಳಾಗುತ್ತದೆ.

ಎಲೆ ಜಾಳಾಗಿದ್ದರೆ ಮೊದಲು ತಿರುವಿ ನೋಡಿ. ಬೆಳ್ಳನೆಯ ಬೆನ್ನಿನ ಮೇಲೆ ಕಂದು ಅಂಕುಡೊಂಕು ಗೆರೆಯ ಪುಟ್ಟ ದುಂಬಿಗಳಿದ್ದರೆ ಅವು 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ಮೆಕ್ಸಿಕೋ ಮೂಲದ ಜೀರುಂಡೆಯ ಸಂತತಿ. ಮಳೆಗಾಲದುದ್ದಕ್ಕೂ ಈ ಕಸ ಮೇಯುತ್ತವೆ. ಅಲ್ಲಿ ಏನನ್ನೂ ಸಿಂಪಡಿಸದೆ, ಒಂದಷ್ಟನ್ನು ಗಾಳಿಯಾಡುವ ಡಬ್ಬಿಯಲ್ಲಿ ಹಿಡಿದು, ಕಸ ಇನ್ನೂ ಹಸಿರಾಗಿರುವ ಪಕ್ಕದ ಸೈಟಿಗೆ ಬಿಡಿ.

– ಓದುಗರು, ಧಾರವಾಡ