ಕಿತಾರೋನ ದೆವ್ವದ ಕಾರ್ಟೂನ್ ಅನ್ಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ವಾರದ ನಿಮ್ಮ ಪುರವಣಿಯಲ್ಲಿ ಜಪಾನಿನ ಅನಿಮೆ, ಅಂದ್ರೆ ಅಲ್ಲಿನ ಕಾರ್ಟೂನ್ ಸೀರೀಸ್ ಮತ್ತು ಸಿನಿಮಾಗಳ ಬಗ್ಗೆ ಬಂದಿದ್ದ ಲೇಖನ ಓದಿದೆ. ಕನ್ನಡ ಪೇಪರಲ್ಲಿ ಅನಿಮೆಗೆ ಅಷ್ಟು ಜಾಗ ಸಿಕ್ಕಿದ್ದು ನೋಡಿ ನಿಜವಾಗ್ಲೂ ಖುಷಿ ಆಯ್ತು, ಹೊಸ ಸೀರೀಸ್‌ಗಳ ಬಗ್ಗೆ ಬರೆದಿದ್ದೂ ಚೆನ್ನಾಗಿತ್ತು. ಆದ್ರೆ ಕೊನೇಲಿ ಕಿತಾರೋ ಅನ್ನೋ ಹುಡುಗನ ಸೀರೀಸ್ 'ಗೆಗೆಗೆ ನೋ ಕಿತಾರೋ' ಬಗ್ಗೆ ಎರಡೇ ಎರಡು ಸಾಲು, ಅದೂ "ಮಕ್ಕಳನ್ನ ಹೆದರಿಸೋ ಹಳೇ ಕಾಲದ ದೆವ್ವದ ಕಾರ್ಟೂನ್" ಅಂತ. ಕಥೆ ಕಟ್ಟಿ ಚಿತ್ರ ಬರೆದ ಮಿಜುಕಿ ಶಿಗೆರು ಅವರ ಹೆಸರು ಎಲ್ಲೂ ಇಲ್ಲ. ಎರಡು ದಿನ ಸುಮ್ನಿದ್ದೆ, ಆಗ್ಲಿಲ್ಲ, ಅದಕ್ಕೆ ಈ ಪತ್ರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಕತ್ತರಿ ಹಾಕ್ಬೇಡಿ.

ಮೊದ್ಲು 'ದೆವ್ವ' ಅನ್ನೋ ಪದ. ನಮಗೆ ದೆವ್ವ ಅಂದ ತಕ್ಷಣ ಸತ್ತವರು ನೆನಪಾಗ್ತಾರೆ, ಆಸೆ ತೀರದೆ ಅಲೆಯೋ ಆತ್ಮ. ಜಪಾನಿಯಲ್ಲಿ ಅದಕ್ಕೆ ಯೂರೇ ಅಂತ ಬೇರೆ ಪದಾನೇ ಇದೆ. ಕಿತಾರೋ ಕಥೆ ತುಂಬ ಇರೋದು ಯೋಕಾಯ್‌ಗಳು, ಅಂದ್ರೆ ಜಪಾನಿನ ಜನಪದ ಕಥೆಗಳ ವಿಚಿತ್ರ ಜೀವಿಗಳು, ಅವು ಯಾರೋ ಸತ್ತು ಆದವಲ್ಲ. ಹಳೇ ಮನೆಯ ಅಟ್ಟದ ಹಲಗೆ ಮೇಲೆ ಕಲೆ ಬಿದ್ದಿದ್ರೆ ಅದು ರಾತ್ರಿ ಹೊತ್ತು ಬಂದು ನೆಕ್ಕಿ ಹೋಗೋ ಒಂದು ಯೋಕಾಯ್ ಕೆಲಸ, ಬಚ್ಚಲಲ್ಲಿ ಕೂತ ಕೊಳೆ ನೆಕ್ಕೋಕೆ ಬರೋದು ಇನ್ನೊಂದು, ಕತ್ತಲೆ ದಾರೀಲಿ ಒಬ್ರೇ ನಡೀತಾ ಇದ್ರೆ ಹಿಂದೆ ಹೆಜ್ಜೆ ಸದ್ದು ಕೇಳ್ಸೋದು ಮತ್ತೊಂದು. ಆ ಹೆಜ್ಜೆ ಸದ್ದಿನದಕ್ಕೆ ಬೆತೊಬೆತೊ-ಸಾನ್ ಅಂತ ಹೆಸರು. ಅದು ಹಿಂದೆ ಬಂದ್ರೆ ಮಂತ್ರ ಹೇಳ್ಬೇಕಿಲ್ಲ, ಓಡ್ಬೇಕಿಲ್ಲ, ದಾರಿ ಪಕ್ಕಕ್ಕೆ ಸರಿದು ನಿಂತು "ಬೆತೊಬೆತೊ-ಸಾನ್, ನೀವು ಮುಂದೆ ಹೋಗಿ" ಅಂದ್ರೆ ಸಾಕು, ಸದ್ದು ನಿಂತು ಹೋಗುತ್ತೆ. ಭಯ ಆದಾಗ ಬಯ್ಯೋದಲ್ಲ, ಮರ್ಯಾದೆ ಕೊಟ್ಟು ದಾರಿ ಬಿಡೋದು. ಇದನ್ನ ದೆವ್ವ ಅಂತ ಕನ್ನಡಕ್ಕೆ ತಂದ್ರೆ ಅರ್ಧ ಕಥೆ ಅಲ್ಲೇ ಹೋಯ್ತು. ಸ್ವತಃ ಕಿತಾರೋ ಕೂಡ ಯೂರೇ ಕುಲದ ಕೊನೆಯ ಕುಡಿ, ಹೆಸರಲ್ಲಿ ಯೂರೇ ಇದ್ರೂ ಅದು ಸತ್ತವರ ಗುಂಪಲ್ಲ, ಮನುಷ್ಯರಿಗಿಂತ ಮೊದ್ಲೇ ಭೂಮಿ ಮೇಲೆ ಬದುಕಿದ್ದು ಮನುಷ್ಯರು ಹೆಚ್ಚಿದ ಹಾಗೆ ಮೂಲೆ ಸೇರಿದ ಒಂದು ಜನ ಅಂತ ಕಥೇಲೇ ಬರುತ್ತೆ.

ಇದನ್ನೆಲ್ಲ ಮಿಜುಕಿಗೆ ಮೊದ್ಲು ಹೇಳಿದ್ದು ನೊನ್ನೊನ್‌ಬಾ ಅಂತ ಒಬ್ಬ ಅಜ್ಜಿ. 1922ರಲ್ಲಿ ಹುಟ್ಟಿದ ಮಿಜುಕಿ ಬೆಳೆದಿದ್ದು ತೊತ್ತೊರಿ ಪ್ರಾಂತ್ಯದ ಸಕಾಯ್‌ಮಿನಾತೊ ಅನ್ನೋ ಬಂದರು ಊರಲ್ಲಿ. ಈ ಅಜ್ಜಿ ಪೂಜೆ ಪ್ರಾರ್ಥನೆ ಮಾಡ್ಕೊಂಡು ಬಡತನದಲ್ಲಿದ್ದವರು, ಇವರ ಮನೆಗೆ ಬಂದು ಹೋಗ್ತಾ ಮಗುಗೆ ಅಟ್ಟದ ಕಲೆ ತೋರಿಸಿ ಇದು ಯಾರ ಕೆಲಸ ಗೊತ್ತಾ ಅಂತ ಹೇಳ್ತಾ ಇದ್ರು. ಆ ಮಗು ಅದನ್ನ 93 ವರ್ಷ ಬದುಕಿ ಸಾಯೋ ತನಕ ಮರೀಲಿಲ್ಲ.

ಈಗ ನಾನು ಮುಖ್ಯವಾಗಿ ಹೇಳ್ಬೇಕು ಅಂದ್ಕೊಂಡಿದ್ದು. ಎರಡನೇ ಮಹಾಯುದ್ಧದ ಹೊತ್ತು, 1943ರಲ್ಲಿ ಮಿಜುಕಿನ ಸೈನ್ಯಕ್ಕೆ ಎಳ್ಕೊಂಡು ಹೋದ್ರು, 21 ವರ್ಷ, ಕಳಿಸಿದ್ದು ನ್ಯೂಗಿನಿ ಪಕ್ಕದ ನ್ಯೂ ಬ್ರಿಟನ್ ದ್ವೀಪದ ರಬೌಲ್‌ಗೆ. ಅಲ್ಲಿ ಒಂದು ಬೆಳಗಿನ ಜಾವ ಕಾವಲಿಗೆ ನಿಂತಿದ್ದಾಗ ಶತ್ರು ಮುತ್ತಿಗೆ ಆಗಿ ಜೊತೇಲಿದ್ದವರೆಲ್ಲ ಸತ್ರು, ಇವರೊಬ್ರೇ ತಪ್ಪಿಸ್ಕೊಂಡು ಕಾಡಲ್ಲಿ ಓಡಿದ್ರು. ರಾತ್ರಿ ಕಗ್ಗತ್ತಲೆ, ಒಂದು ಕಡೆ ಮುಂದೆ ಹೆಜ್ಜೆ ಇಡೋಕೇ ಆಗ್ತಿಲ್ಲ, ಕೈ ಚಾಚಿದ್ರೆ ಡಾಂಬರು ಗಟ್ಟಿಯಾದ ಹಾಗೆ ಏನೋ ಅಡ್ಡ, ಬಲಕ್ಕೆ ಹೋದ್ರೂ ಎಡಕ್ಕೆ ಹೋದ್ರೂ ಅದೇ. ಸುಸ್ತಾಗಿ ಅಲ್ಲೇ ಕೂತ್ರು, ಸ್ವಲ್ಪ ಹೊತ್ತು ಬಿಟ್ಟು ಎದ್ದು ನೋಡಿದ್ರೆ ಅಡ್ಡ ಇದ್ದಿದ್ದು ಇಲ್ಲ. ಅದು ನುರಿಕಾಬೆ ಅಂತ ಮಿಜುಕಿ ಆಮೇಲೆ ಬರೆದ್ರು, ದಾರಿಗೆ ಅಡ್ಡ ನಿಲ್ಲೋ ಕಾಣದ ಗೋಡೆ. ಆಮೇಲೆ ಮಲೇರಿಯಾ ಬಂದು ಮಲಗಿದ್ದಾಗ ಬಾಂಬ್ ಬಿದ್ದು ಎಡಗೈ ಹೋಯ್ತು. ಕಿತಾರೋ ಸೀರೀಸಲ್ಲಿ ನುರಿಕಾಬೆ ಬರುತ್ತೆ, ಪುಟ್ಟ ಕಣ್ಣಿನ ದೊಡ್ಡ ಚಪ್ಪಟೆ ಗೋಡೆ, ಮಾತು ಕಮ್ಮಿ, ಯಾವಾಗ್ಲೂ ಸ್ನೇಹಿತರ ಮುಂದೆ ಅಡ್ಡ ನಿಂತು ಏಟು ತಿನ್ನೋದೇ ಅದರ ಕೆಲಸ. ಮಕ್ಕಳಿಗೆ ಅದು ಮುದ್ದಾಗಿ ಕಾಣುತ್ತೆ. ರಬೌಲ್ ವಿಷ್ಯ ಗೊತ್ತಾದ ಮೇಲೆ ನನಗೆ ನುರಿಕಾಬೆ ತೆರೆ ಮೇಲೆ ಬಂದಾಗೆಲ್ಲ ಆ ಕಾಡಲ್ಲಿ ಒಬ್ರೇ ಕೂತಿದ್ದ ಹುಡುಗ ಕಣ್ಮುಂದೆ ಬರ್ತಾರೆ. ಉಳಿದ ಒಂದೇ ಕೈಯಲ್ಲಿ ಗೆರೆ ಎಳೆದು ಎಲೆ ಎಲೆಯಾಗಿ ಕಾಡು ಬರೆದವರ ಕೆಲಸಕ್ಕೆ ಎರಡು ಸಾಲು ಸಾಲಲ್ಲ ಸರ್.

ಕಿತಾರೋ ಅನ್ನೋ ಹೆಸರು ಮಿಜುಕಿ ಸ್ವಂತದ್ದಲ್ಲ, ಇದನ್ನೂ ಹೇಳ್ಬೇಕು. 1930ರ ದಶಕದಲ್ಲಿ ಸೈಕಲ್ ಮೇಲೆ ಚಿತ್ರದ ಹಲಗೆಗಳನ್ನ ಇಟ್ಕೊಂಡು ಬೀದಿ ಬೀದೀಲಿ ಕಥೆ ಹೇಳಿ ಮಕ್ಕಳಿಗೆ ಮಿಠಾಯಿ ಮಾರೋ ಕಾಮಿಶಿಬಾಯ್ ಆಟದಲ್ಲಿ 'ಸ್ಮಶಾನದ ಕಿತಾರೋ' ಅಂತ ಒಂದು ಕಥೆ ಇತ್ತು. ಯುದ್ಧ ಮುಗಿದ ಮೇಲೆ ಮಿಜುಕಿ ಅದೇ ಕಾಮಿಶಿಬಾಯ್‌ಗೆ ಚಿತ್ರ ಬರೆದು ಹೊಟ್ಟೆ ಹೊರೀತಿದ್ರು, 1954ರಲ್ಲಿ ಒಪ್ಪಿಗೆ ಪಡೆದು ತಮ್ಮದೇ ಕಿತಾರೋ ಶುರು ಮಾಡಿದ್ರು. ಟಿವಿ ಬಂತು, ಕಾಮಿಶಿಬಾಯ್ ಸತ್ತು ಹೋಯ್ತು. ಆಮೇಲೆ ಪುಸ್ತಕ ಬಾಡಿಗೆಗೆ ಕೊಡೋ ಅಂಗಡಿಗಳಿಗೆ ಬರೆಯೋದು, 1960ರಲ್ಲಿ ಅಲ್ಲಿ ಕಿತಾರೋ ಮಾಂಗಾ, ಅಂದ್ರೆ ಜಪಾನಿ ಚಿತ್ರಕಥೆ ಪುಸ್ತಕ ಆಗಿ ಬಂತು, ಆ ಬಾಡಿಗೆ ಪುಸ್ತಕದ ಲೋಕವೂ ಮುಳುಗ್ತು. 1965ರಲ್ಲಿ ವೀಕ್ಲಿ ಶೋನೆನ್ ಮ್ಯಾಗಜಿನ್ ಅನ್ನೋ ಮಾಂಗಾ ವಾರಪತ್ರಿಕೆ ಕರೆದಾಗ ಮಿಜುಕಿಗೆ 40 ದಾಟಿತ್ತು. ಅನಿಮೆ ಮಾಡೋಣ ಅಂದಾಗ ಸ್ಮಶಾನ ಅಂತ ಹೆಸರಿದ್ರೆ ಸ್ಪಾನ್ಸರ್ ಸಿಗಲ್ಲ ಅಂತ 1967ರಲ್ಲಿ ಹೆಸರು ಬದಲಾಯ್ತು. ಮಿಜುಕಿ ಚಿಕ್ಕವರಿದ್ದಾಗ ತಮ್ಮ ಹೆಸರು ಶಿಗೆರು ಅನ್ನೋಕೆ ಬರದೆ ಗೆಗೆರು ಅಂತಿದ್ರಂತೆ, ಅದೇ ಗೆಗೆಗೆ ಆಯ್ತು.

ಮೂಲ ಕಥೆ ಗೊತ್ತಿಲ್ಲದವರಿಗೆ ಒಂದು ಮಾತು. ರಕ್ತನಿಧೀಲಿ ಕೆಲಸ ಮಾಡೋ ಒಬ್ಬ, ಅವನ ಹೆಸರೂ ಮಿಜುಕೀನೇ, ವಿಚಿತ್ರ ರಕ್ತ ಎಲ್ಲಿಂದ ಬಂತು ಅಂತ ಹುಡುಕ್ತಾ ಹೋಗಿ ಕಾಯಿಲೆ ಬಿದ್ದ ಯೂರೇ ಕುಲದ ಗಂಡ ಹೆಂಡ್ತಿನ ನೋಡ್ತಾನೆ. ಇಬ್ರೂ ಸಾಯ್ತಾರೆ. ಹೆಂಡ್ತಿ ಬಸುರಿ, ಹೂತ ಮೇಲೆ ಮಗು ಮಣ್ಣಿಂದ ತಾನೇ ಹೊರಗೆ ತೆವಳ್ಕೊಂಡು ಬರುತ್ತೆ. ಅಪ್ಪನ ಮೈ ಪೂರ್ತಿ ಕೊಳೆತು ಹೋಗಿರುತ್ತೆ, ಆದ್ರೆ ಮಗನ್ನ ಯಾರು ನೋಡ್ಕೋತಾರೆ ಅನ್ನೋ ಚಿಂತೆಗೆ ಒಂದು ಕಣ್ಣುಗುಡ್ಡೆ ಮಾತ್ರ ಕಳಚಿ ಬಿದ್ದು ಅದಕ್ಕೆ ಕೈಕಾಲು ಬರುತ್ತೆ. ಅಲ್ಲಿಂದಾಚೆಗೆ ಆ ಅಪ್ಪ ಮಗನ ಕೂದಲಲ್ಲಿ ಕೂತು ಬುದ್ಧಿ ಹೇಳ್ತಾ, ಟೀ ಬಟ್ಟಲಲ್ಲಿ ಬಿಸಿನೀರು ಹಾಕಿಸ್ಕೊಂಡು ಸ್ನಾನ ಮಾಡ್ತಾ ಇರ್ತಾನೆ. ನಿಮ್ಮ ಲೇಖನದವರಿಗೆ ಇದು ಹೆದರಿಕೆ ಅನ್ಸಿರಬಹುದು. ನನಗೆ ಅಪ್ಪ ಮಗನ ಬಗ್ಗೆ ಇದಕ್ಕಿಂತ ಗಟ್ಟಿ ಚಿತ್ರ ಇನ್ನೊಂದು ಸಿಕ್ಕಿಲ್ಲ.

ಇನ್ನು ಅನಿಮೆ. ಹಳೇ ಕಾಲದ್ದು ಅಂದ್ರಿ, ಅದು ಹೇಗೆ? ಟೊಯೇ ಸ್ಟುಡಿಯೋ ಇದನ್ನ ಆರು ಸಲ ಟಿವಿಗೆ ಮಾಡಿದೆ, 1960ರ ದಶಕದಿಂದ 2010ರ ದಶಕದ ತನಕ ಪ್ರತಿ ದಶಕಕ್ಕೂ ಒಂದೊಂದು, ಎಲ್ಲ ಸೇರಿದ್ರೆ 500ಕ್ಕೂ ಹೆಚ್ಚು ಎಪಿಸೋಡ್. 1968ರದ್ದು ಕಪ್ಪುಬಿಳುಪು, 65 ಎಪಿಸೋಡ್. 1971ರದ್ದು ಬಣ್ಣದ್ದು, ಕಿತಾರೋ ಕಥೆಗಳು ಖಾಲಿ ಆಗ್ತಾ ಬಂದಿದ್ರಿಂದ ಮಿಜುಕಿ ಅವರ ಬೇರೆ ಸಣ್ಣ ಕಥೆಗಳಿಗೆ ಕಿತಾರೋನ ಸೇರಿಸಿ ಮಾಡಿದ್ದು, ಹಾಗಾಗಿ ಅದರಲ್ಲಿ ಒಂಥರಾ ಬೇಜಾರಿನ ನೆರಳು ಜಾಸ್ತಿ, ನನಗೆ ಅದೂ ಇಷ್ಟ. 1985ರದ್ದರಲ್ಲಿ ಕಿತಾರೋ ಪೂರ್ತಿ ಹೀರೋ, ಅದು ನನಗೆ ಅಷ್ಟು ಹಿಡಿಸ್ಲಿಲ್ಲ, ಆದ್ರೆ ಅದೇ ನೋಡಿ ಬೆಳೆದವರು ಒಪ್ಪಲ್ಲ. 1996, 2007ರದ್ದೂ ಇವೆ, 2007ರದ್ದು 100 ಎಪಿಸೋಡಿಗೆ ಕಥೆ ಮುಗಿಯೋಕೆ ಮುಂಚೆನೇ ನಿಂತು ಹೋಯ್ತು, ಅದೊಂದು ನೋವು ಇದೆ. ಇದಲ್ಲದೆ 2008ರಲ್ಲಿ ಬಾಡಿಗೆ ಪುಸ್ತಕದ ಕಾಲದ ಕತ್ತಲೆ ಕಿತಾರೋನ ಹಾಗೇ ಇಟ್ಕೊಂಡು 11 ಎಪಿಸೋಡಿನ 'ಹಕಾಬಾ ಕಿತಾರೋ' (ಹಕಾಬಾ ಅಂದ್ರೆ ಸ್ಮಶಾನ) ಬಂತು, ಅದು ದೊಡ್ಡವರಿಗೆ ಅಂತಲೇ ಮಾಡಿದ್ದು.

ನಾನು ಶುರು ಮಾಡಿದ್ದು ಆರನೇದರಿಂದ, 2018ರಿಂದ 2020ರ ತನಕ ಬಂದ 97 ಎಪಿಸೋಡು, ಸಬ್‌ಟೈಟಲ್ ಓದ್ಕೊಂಡು. ಮೊದಲನೇ ಎಪಿಸೋಡಲ್ಲೇ ಟೋಕಿಯೋದ ಶಿಬುಯಾ ಕ್ರಾಸಿಂಗಲ್ಲಿ ಜನ ನಿಂತ ನಿಂತಲ್ಲೇ ಮರ ಆಗ್ತಾರೆ, ಪಕ್ಕದಲ್ಲಿದ್ದವರು ಓಡಿ ಹೋಗೋದು ಬಿಟ್ಟು ಫೋನ್ ಎತ್ತಿ ವಿಡಿಯೋ ಮಾಡ್ತಾರೆ. ಇದು ಹಳೇ ಕಾಲದ ಕಥೆನಾ ಹೇಳಿ. ಅದೇ ಸೀರೀಸಲ್ಲಿ ಹೂವಿನ ಎಪಿಸೋಡ್ ಒಂದಿದೆ, ಮಿಜುಕಿ ಹಳೇ ಮಾಂಗಾದಿಂದ ತಗೊಂಡಿದ್ದು. ಒಬ್ಬರ ಮನೇಲಿ ಪ್ರತಿ ವರ್ಷ ಒಂದು ಗುರುತಿಲ್ಲದ ಹೂವು ಅರಳುತ್ತೆ, ಎಲ್ಲಿಂದ ಅಂತ ಹುಡುಕಿ ಹೋದ್ರೆ ಸಮುದ್ರದಾಚೆ ದಕ್ಷಿಣದ ಒಂದು ದ್ವೀಪ, ಅಲ್ಲಿ ಯುದ್ಧದಲ್ಲಿ ಸತ್ತು ಮನೆಗೆ ಬರದ ಸೈನಿಕನ ಮೂಳೆಗಳು, ಹೂವಿನ ಗಿಡ ಬೆಳೆದಿರೋದು ಅಲ್ಲಿಂದ. 2018ರ ಎಪಿಸೋಡಲ್ಲಿ ಮನಾ ಅನ್ನೋ ಶಾಲೆ ಹುಡುಗಿ ತನ್ನ ಸಂಬಂಧದ ಅಜ್ಜಿಗೋಸ್ಕರ ಅಲ್ಲಿಗೆ ಹೋಗ್ತಾಳೆ, ಆ ಅಜ್ಜಿ ಜೀವನ ಪೂರ್ತಿ ಕಾದಿದ್ದು ಆ ಸೈನಿಕನಿಗೆ. ಯಾರೂ ಯಾರನ್ನೂ ಹೆದರಿಸಲ್ಲ, ಸೋಲಿಸೋಕೆ ಒಂದು ಖಳ ಇಲ್ಲ. ಎಪಿಸೋಡ್ ಮುಗಿದ ಮೇಲೆ ಎಷ್ಟೋ ಹೊತ್ತು ಮುಂದಿನದು ಹಾಕೋಕೆ ಕೈ ಬರ್ಲಿಲ್ಲ ನನಗೆ.

ಧ್ವನಿ ವಿಷ್ಯ ಒಂದು ಹೇಳಿಬಿಡ್ತೀನಿ. 1968ರಲ್ಲಿ ಕಿತಾರೋಗೆ ಧ್ವನಿ ಕೊಟ್ಟವರು ನೊಜಾವಾ ಮಸಾಕೊ, ಕಣ್ಣುಗುಡ್ಡೆ ಅಪ್ಪನಿಗೆ ತನೊನಾಕಾ ಇಸಾಮು. ಕಿತಾರೋ ಧ್ವನಿಗಳು ಬದಲಾಗ್ತಾ ಬಂದ್ವು, ಅಪ್ಪನ ಆ ಕೀಚಲು ಧ್ವನಿ ಮಾತ್ರ ತನೊನಾಕಾ ಅವರದ್ದೇ, 2010ರಲ್ಲಿ ಅವರು ತೀರಿಕೊಂಡ್ರು. ಆರನೇ ಸೀರೀಸಿಗೆ ಹೊಸ ಅಪ್ಪ ಬೇಕು, ಯಾರನ್ನ ತಂದ್ರು ಅಂದ್ರೆ ನೊಜಾವಾ ಮಸಾಕೊ ಅವರನ್ನೇ. 50 ವರ್ಷ ಮುಂಚೆ "ಅಪ್ಪಾ" ಅಂತ ಕರೆದ ಅದೇ ಗಂಟಲು ಆರನೇದರಲ್ಲಿ "ಓಯ್ ಕಿತಾರೋ" ಅಂತ ಮಗನ್ನ ಕರೆಯುತ್ತೆ. ನನಗೆ ಇದು ಮೊದ್ಲು ಗೊತ್ತಿರ್ಲಿಲ್ಲ, ಕಪ್ಪುಬಿಳುಪು ಸೀರೀಸ್ ನೋಡೋಕೆ ಕೂತಾಗ ಹೆಸರುಗಳಲ್ಲಿ ನೋಡಿದ್ದು, ವಾಪಸ್ ಹೋಗಿ ಆರನೇದರ ಮೊದಲ ಎಪಿಸೋಡ್ ಮತ್ತೆ ಹಾಕಿದೆ, ಕಣ್ಣಲ್ಲಿ ನೀರು ಬಂತು.

ಹೊಡೆದಾಟ ಇಲ್ವೇ ಇಲ್ಲ ಅಂತ ನಾನು ಹೇಳ್ತಿಲ್ಲ. ಕಿತಾರೋ ಮರದ ಚಪ್ಪಲಿ ಬಿಟ್ಟು ಹೊಡೀತಾನೆ, ಕೂದಲನ್ನ ಸೂಜಿ ಥರ ಹಾರಿಸ್ತಾನೆ, ಅವನ ಪಟ್ಟೆ ಪಟ್ಟೆ ಅಂಗಿ ಪೂರ್ವಿಕರ ಕೂದಲಿಂದ ನೇಯ್ದಿದ್ದು, ಅದಕ್ಕೂ ಶಕ್ತಿ ಇದೆ. ಒಂದೇ ಥರದ ಎಪಿಸೋಡುಗಳೂ ಬರ್ತವೆ, ಅದನ್ನ ಒಪ್ತೀನಿ. ಆದ್ರೆ ಗಮನ ಇಟ್ಟು ನೋಡಿ, ಯೋಕಾಯ್ ಕೆರಳಿರೋದು ಹೆಚ್ಚಿನ ಸಲ ಯಾರೋ ದುಡ್ಡಿಗೆ ಬೆಟ್ಟ ಕಡಿದಿರ್ತಾರೆ, ಹಳೇ ಕಲ್ಲು ಕಿತ್ತು ಹಾಕಿರ್ತಾರೆ, ಕೊಟ್ಟ ಮಾತು ತಪ್ಪಿರ್ತಾರೆ. ಇಲಿಮನುಷ್ಯ ನೆಜುಮಿ ಒತೊಕೊ ಅಂತೂ ಪ್ರತಿ ಸಲ ದುಡ್ಡಿಗೆ ಆಸೆ ಬಿದ್ದು ಸ್ನೇಹಿತರಿಗೇ ದ್ರೋಹ ಮಾಡ್ತಾನೆ, ಅರ್ಧ ಮನುಷ್ಯ ಅರ್ಧ ಯೋಕಾಯ್, ನೂರಾರು ವರ್ಷದಿಂದ ಸ್ನಾನ ಇಲ್ಲ, ಆದ್ರೂ ಕಿತಾರೋ ಅವನನ್ನ ಬಿಟ್ಟು ಹಾಕಲ್ಲ. ಮಿಜುಕಿಗೆ ತುಂಬಾ ಇಷ್ಟವಾದ ಪಾತ್ರ ಅವನೇ ಅಂತೆ. ಹೊಟ್ಟೆ ಹಸಿದು ಬದುಕಿದವರಿಗೆ ಅವನ ಮೇಲೆ ಸಿಟ್ಟು ಬರಲ್ಲ ಅಂತ ನನಗನ್ಸುತ್ತೆ.

2023ರ ನವೆಂಬರಲ್ಲಿ ಬಂದ ಸಿನಿಮಾ 'ಕಿತಾರೋ ತಂಜೋ' ಕೂಡ ನಿಮ್ಮ ಲೇಖನದಲ್ಲಿ ಇರ್ಬೇಕಿತ್ತು. ಕಿತಾರೋ ಹುಟ್ಟೋಕೆ ಮುಂಚಿನ ಕಥೆ, 1956ರ ಇಸವಿ, ಆ ರಕ್ತನಿಧಿಯ ಮಿಜುಕಿ ಈಗ ಯುದ್ಧದಿಂದ ಬದುಕಿ ಬಂದ ಸೈನಿಕ, ಹೇಗಾದ್ರೂ ಮೇಲೆ ಬರ್ಬೇಕು ಅಂತ ಹಠ. ಅವನು ರೈಲಲ್ಲಿ ಹೋಗೋ ಒಂದು ದೃಶ್ಯ ಇದೆ, ಬೋಗಿ ತುಂಬ ಗಂಡಸರು ಸಿಗರೇಟ್ ಸೇದ್ತಾ ಇದ್ದಾರೆ, ಹೊಗೆ ಮಧ್ಯೆ ಒಂದು ಮಗು ಕೆಮ್ತಾ ಇದೆ, ಯಾರೂ ತಿರುಗಿ ನೋಡಲ್ಲ, ಅವನೂ. ಮಾತಿಲ್ಲ, ವಿವರಣೆ ಇಲ್ಲ. ಅವನು ಹೋಗಿ ಇಳಿಯೋ ಹಳ್ಳೀಲಿ, ಆ ದೊಡ್ಡ ಮನೆತನದಲ್ಲಿ ಏನು ನಡೆಯುತ್ತೆ ಅಂತ ನಾನು ಹೇಳಲ್ಲ, ನೋಡದವರು ನೋಡ್ಲಿ, ಆದ್ರೆ ಚಿಕ್ಕ ಮಕ್ಕಳನ್ನ ಕೂರಿಸ್ಕೊಂಡು ನೋಡೋದು ಬೇಡ, ಜಪಾನಲ್ಲೂ ಇದಕ್ಕೆ 12ರ ಕೆಳಗಿನವರಿಗೆ ಎಚ್ಚರಿಕೆ ಹಾಕಿದ್ರು.

ಇಷ್ಟು ಬರೆದಿದ್ದು ಲೇಖಕರನ್ನ ಬಯ್ಯೋಕಲ್ಲ, ಜಾಗ ಕಮ್ಮಿ ಇದ್ದಿರಬಹುದು, ಅರ್ಥ ಆಗುತ್ತೆ. ಎರಡು ಕೇಳ್ಕೋತೀನಿ. ಮುಂದೆ ಬರೆಯೋವಾಗ ಯೋಕಾಯ್ ಅನ್ನೋ ಪದಾನೇ ಇಡಿ, ನಿಂಜಾ, ಸುನಾಮಿ ಎಲ್ಲ ಹಾಗೇ ಬಂದಿಲ್ವಾ, ಇದೂ ಬರುತ್ತೆ. ಇನ್ನೊಂದು, ಮುಂದಿನ ವಾರದ ಪುರವಣಿಯಲ್ಲಿ ಒಂದು ಸಾಲಿನ ತಿದ್ದುಪಡಿ ಹಾಕಿ, ಗೆಗೆಗೆ ನೋ ಕಿತಾರೋ ಮಾಂಗಾ ಬರೆದವರು ಮಿಜುಕಿ ಶಿಗೆರು, 1922–2015.

ಇಂತಿ ನಮಸ್ಕಾರಗಳೊಂದಿಗೆ,
ನಿಮ್ಮ ಪೇಪರಿನ ಖಾಯಂ ಓದುಗ