ಟೆಸ್ ಉಪವಾಸ ಇಲ್ಲ ಆಯಿ

ಪರ್ತ್‌ಶೈರ್, ಸ್ಕಾಟ್ಲೆಂಡ್

ಪ್ರೀತಿಯ ಆಯಿಗೆ,

ಮೊನ್ನೆ ವೀಡಿಯೊ ಕಾಲ್‌ನಲ್ಲಿ ಟೆಸ್‌ಳನ್ನು ನೋಡಿ "ಪಾಪ, ಪಕ್ಕೆ ಎಲ್ಲ ಒಳಗೆ ಹೋಗಿದೆ, ಬಾಯಿಲ್ಲದ ಪ್ರಾಣಿಗೆ ಹೊಟ್ಟೆಗೆ ಹಾಕ್ತೀರೋ ಇಲ್ವೋ" ಅಂದೆಯಲ್ಲ, ಅಷ್ಟರಲ್ಲಿ ನಿಮ್ಮಲ್ಲಿ ಕರೆಂಟ್ ಹೋಗಿ ಫೋನ್ ಕಟ್ಟಾಯಿತು. ತಮ್ಮ ಬೇರೆ ಹುಬ್ಬಳ್ಳಿಯಿಂದ ಲ್ಯಾಬ್ರಡಾರ್ ಮರಿ ತರುತ್ತಾನಂತೆ. ಹಾಗಾಗಿ ಉದ್ದಕ್ಕೆ ಬರೆಯುತ್ತಿದ್ದೇನೆ. ಅವನಿಗೂ ಓದಿಸು.

ಮೊದಲು ಟೆಸ್ ಅನ್ನುವ ಈ ಲ್ಯಾಬ್ರಡಾರ್ ನಾಯಿ ಯಾರದು ಅಂತ ಹೇಳಿಬಿಡುತ್ತೇನೆ. ನನ್ನದಲ್ಲ, ಮನೆ ಓನರ್ ಅಜ್ಜನದು. ಅಜ್ಜ ಕೆಲಸ ಮಾಡುವಷ್ಟು ಕಾಲ ಗೇಮ್‌ಕೀಪರ್ ಆಗಿದ್ದವರು, ಅಂದರೆ ಎಸ್ಟೇಟಿನಲ್ಲಿ ಫೆಸೆಂಟ್ ಹಕ್ಕಿಗಳನ್ನು ಸಾಕಿ ಕಾಯುವ ಕೆಲಸ. ಈಗ ಅವರಿಗೆ ಮಂಡಿ ನೋವು. ಬೆಳಗಿನ ಊಟ, ತಿರುಗಾಟ ನನ್ನ ಪಾಲಿಗೆ ಬಂದಿದೆ. ಟೆಸ್‌ಗೆ ಏಳು ತಿಂಗಳು. ಗುಂಡು ತಗುಲಿ ಬಿದ್ದ ಹಕ್ಕಿಯನ್ನು ಪೊದೆಯಿಂದಲೋ ನೀರಿನಿಂದಲೋ ಹುಡುಕಿ, ಹಲ್ಲು ಊರದೆ ಬಾಯಲ್ಲಿ ಹಿಡಿದು ತಂದು ಕೈಗೆ ಕೊಡುವುದು ಅವಳು ಮುಂದೆ ಮಾಡಬೇಕಾದ ಕೆಲಸ. ನಿನಗೆ ಇದು ಸರಿ ಕಾಣುವುದಿಲ್ಲ, ಗೊತ್ತು. ನಾನೂ ಶಿಕಾರಿಗೆ ಹೋಗುವವಳಲ್ಲ, ಆ ಚರ್ಚೆ ಊರಿಗೆ ಬಂದಾಗ ಮಾಡೋಣ. ಫೆಸೆಂಟ್ ಸೀಸನ್ ಅಕ್ಟೋಬರ್ 1ಕ್ಕೆ ಶುರುವಾಗಿ ಫೆಬ್ರವರಿ 1ಕ್ಕೆ ಮುಗಿಯುತ್ತದೆ. ಈ ವರ್ಷ ಟೆಸ್ ಅದರ ಹತ್ತಿರವೂ ಸುಳಿದಿಲ್ಲ. ಒಂದೂವರೆ ವರ್ಷ ತುಂಬುವ ತನಕ ಕರೆದುಕೊಂಡು ಹೋಗುವ ಮಾತೇ ಇಲ್ಲ ಅಂತ ಅಜ್ಜ ಕಡ್ಡಿ ಮುರಿದಂತೆ ಹೇಳಿದ್ದಾರೆ.

ಈಗ ಪಕ್ಕೆಲುಬಿನ ವಿಷಯ. ಕಣ್ಣಿಗೆ ಕಂಡದ್ದನ್ನು ನಂಬಬೇಡ, ಕೈ ಹಾಕಿ ನೋಡಬೇಕು. ನಿನ್ನ ಎಡಗೈ ಮುಷ್ಟಿ ಹಿಡಿ. ಮೇಲೆದ್ದ ಗೆಣ್ಣುಗಳನ್ನು ಬಲಗೈ ಬೆರಳಿನಿಂದ ಸವರು. ನಾಯಿಯ ಪಕ್ಕೆ ಹಾಗೆ ಸಿಕ್ಕಿದರೆ ಅದು ನಿಜವಾಗಿ ಬಡಕಲು. ಈಗ ಮುಷ್ಟಿ ಬಿಚ್ಚಿ ಅಂಗೈ ಕಡೆಯಿಂದ ಬೆರಳಿನ ಬುಡ ಮುಟ್ಟು, ಮಾಂಸವೇ ಸಿಗುತ್ತದೆ, ಮೂಳೆ ಸಿಗಬೇಕಾದರೆ ಒತ್ತಬೇಕು. ಪಕ್ಕೆ ಹಾಗಿದ್ದರೆ ಕೊಬ್ಬು ಜಾಸ್ತಿ ಅಂತ ಅರ್ಥ. ಕೊನೆಗೆ ಕೈ ಚಾಚಿ ಹಸ್ತದ ಹಿಂಬದಿ ಸವರು. ತೆಳು ಚರ್ಮದ ಕೆಳಗೆ ಮೂಳೆ ಸಲೀಸಾಗಿ ಗೊತ್ತಾಗುತ್ತದೆ, ಆದರೆ ಚುಚ್ಚುವುದಿಲ್ಲ, ಅಲ್ವಾ? ಟೆಸ್‌ಳ ಪಕ್ಕೆ ಸರಿಯಾಗಿ ಹೀಗಿದೆ. ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು, ಪಕ್ಕದಿಂದ ನೋಡಿದರೆ ಹೊಟ್ಟೆ ಹಿಂದಕ್ಕೆ ಮೇಲೇರಿರಬೇಕು. ಇಲ್ಲಿನ ನಾಯಿ ಡಾಕ್ಟರುಗಳು ಇದಕ್ಕೆ 1ರಿಂದ 9ರವರೆಗೆ ಅಂಕ ಕೊಡುತ್ತಾರೆ. 4 ಅಥವಾ 5 ಬಂದರೆ ಸರಿ. ನಮ್ಮ ಸಿರ್ಸಿ ಪೇಟೆಯಲ್ಲಿ ಜನ ಹೊಗಳುವ ದುಂಡು ದುಂಡು ಲ್ಯಾಬ್‌ಗಳಿಗೆಲ್ಲ 7, 8 ಬಿದ್ದೀತು.

ಇದು ಸುಮ್ನೆ ಅಜ್ಜನ ಹಠ ಅಂತ ತಿಳಿಯಬೇಡ. ಪ್ಯೂರಿನಾ ಕಂಪನಿಯವರು 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲೂ ಒಂದಕ್ಕೆ ಇನ್ನೊಂದಕ್ಕಿಂತ ಶೇಕಡಾ 25ರಷ್ಟು ಕಡಿಮೆ ಊಟ ಹಾಕಿ ಕೊನೆಯವರೆಗೂ ನೋಡಿದರು, ಅದು 2002ರಲ್ಲಿ ಪ್ರಕಟವಾಯಿತು. ಕಡಿಮೆ ತಿಂದವು ಹೆಚ್ಚು ಕಡಿಮೆ 13 ವರ್ಷ ಬದುಕಿದವು, ಜಾಸ್ತಿ ತಿಂದವು 11 ವರ್ಷ ಚಿಲ್ಲರೆ. ಕೀಲು ನೋವೂ ತೆಳ್ಳಗಿದ್ದವುಗಳಿಗೆ ತಡವಾಗಿ ಬಂತು. ಎರಡು ವರ್ಷ ಅಂದರೆ ನಾಯಿಗೆ ಎಷ್ಟು ದೊಡ್ಡದು ನೋಡು.

"ಆದರೂ ಯಾವಾಗಲೂ ತಟ್ಟೆ ನೋಡ್ತಾ ಕೂತಿರ್ತದಲ್ಲ" ಅಂತೀಯ. ಕೂತಿರುತ್ತಾಳೆ. ಈ ಜಾತಿಯೇ ಹಾಗೆ. ಕೇಂಬ್ರಿಜ್‌ನವರು 2016ರಲ್ಲಿ ಕಂಡುಹಿಡಿದರು, ಲ್ಯಾಬ್ರಡಾರ್‌ಗಳಲ್ಲಿ ಸುಮಾರು ಕಾಲು ಭಾಗಕ್ಕೆ ಹಸಿವು ತಣಿಸುವ ಒಂದು ಜೀನ್‌ನಲ್ಲಿ ತುಂಡು ಬಿಟ್ಟುಹೋಗಿದೆ. ಅವಕ್ಕೆ ಊಟದ ಆಸೆ ಉಳಿದವಕ್ಕಿಂತ ಜಾಸ್ತಿ. ಟೆಸ್ ಆ ಕಾಲು ಭಾಗಕ್ಕೆ ಸೇರಿದವಳೋ ಏನೋ, ಬಟ್ಟಲು ನೆಕ್ಕಿ ನೆಕ್ಕಿ ಅಡುಗೆಮನೆಯ ಈ ಮೂಲೆಯಿಂದ ಆ ಮೂಲೆಗೆ ತಳ್ಳಿಕೊಂಡು ಹೋಗುತ್ತಾಳೆ, ಆಮೇಲೆ ಬಂದು ನನ್ನ ಮೊಣಕಾಲಿನ ಮೇಲೆ ಗದ್ದ ಇಡುತ್ತಾಳೆ. ಆ ಕಣ್ಣಿಗೆ ಕರಗಿದರೆ ಕೆಲಸ ಕೆಟ್ಟಿತು. ಕರು ಕೂಗಿತು ಅಂತ ನೀನು ಇಡೀ ಹಾಲು ಅದಕ್ಕೇ ಬಿಡುತ್ತೀಯಾ? ಇದೂ ಅಷ್ಟೇ.

ಊಟಕ್ಕೆ ಬರೋಣ. ಒಂದು ಮಾತು ನಿನ್ನ ಪರವಾಗಿ ಹೇಳಬೇಕು. ನಾಯಿಗೆ ಅನ್ನ ಹಾಕಲೇಬಾರದು, ಅದು ತೋಳದ ಜಾತಿ ಅಂತ ಉಪದೇಶ ಮಾಡುವವರು ಇಲ್ಲೂ ಇದ್ದಾರೆ. ಅದು ತಪ್ಪು. ಮನುಷ್ಯರ ಜೊತೆ ಬಾಳಿ ಬಾಳಿ ನಾಯಿಗೆ ಪಿಷ್ಟ ಅರಗಿಸುವ ಶಕ್ತಿ ತೋಳಕ್ಕಿಂತ ಎಷ್ಟೋ ಹೆಚ್ಚಿದೆ, ಅದನ್ನೂ 2013ರಲ್ಲಿ ಜೀನ್ ನೋಡಿಯೇ ಹೇಳಿದ್ದಾರೆ. ನಮ್ಮ ಮನೆಯ ನಾಯಿ ಕರಿಯ ಮಜ್ಜಿಗೆ ಅನ್ನ ತಿಂದುಕೊಂಡೇ ತೋಟದ ಮಂಗಗಳನ್ನು ಓಡಿಸಿದ್ದು ಸುಳ್ಳಲ್ಲ. ಆದರೆ ಕರಿಯ ಊರೆಲ್ಲ ತಿರುಗಿ ಮತ್ತೇನೇನೋ ತಿಂದು ಬರುತ್ತಿದ್ದ, ನಾವು ನೋಡುತ್ತಿರಲಿಲ್ಲ ಅಷ್ಟೇ. ಕಟ್ಟಿ ಸಾಕುವ ದೊಡ್ಡ ಜಾತಿಯ ಮರಿಗೆ ಬರೀ ಮೊಸರನ್ನದಲ್ಲಿ ಮೈ ಕಟ್ಟುವಷ್ಟು ಪ್ರೋಟೀನ್ ಇಲ್ಲ, ಮೂಳೆಗೆ ಬೇಕಾದ ಸುಣ್ಣ ರಂಜಕದ ಲೆಕ್ಕವೂ ಕೂಡುವುದಿಲ್ಲ. ಬರೀ ಮಾಂಸ ಹಾಕಿದರೂ ಇದೇ ಕಥೆ. ಮಾಂಸದಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ, ಮೂಳೆ ಮೆತ್ತಗಾಗುತ್ತದೆ. ಅದಕ್ಕೇ ದೊಡ್ಡ ಜಾತಿಯ ಮರಿಗಳಿಗೆ ಅಂತಲೇ ಬರುವ ಒಣ ಕಾಳು ತರಲಿ, ನೀವೆಲ್ಲ ಪೆಡಿಗ್ರಿ ಅಂತ ಕರೆಯುತ್ತೀರಲ್ಲ, ಆ ನಮೂನೆಯದು. ಡಬ್ಬಿಯನ್ನು ಕೊಟ್ಟಿಗೆಯಲ್ಲಿ ಇಟ್ಟುಕೊಳ್ಳಿ, ಅಡುಗೆಮನೆಗೆ ತರುವುದೇ ಬೇಡ, ಅಜ್ಜಿಯ ಮಡಿಗೂ ತೊಂದರೆ ಇಲ್ಲ.

ಮರಿ ಬಂದ ಕೂಡಲೇ ಯಾರಾದರೂ ಒಬ್ಬರು ಕ್ಯಾಲ್ಸಿಯಂ ಸಿರಪ್ ಬಾಟಲಿ ಹಿಡಿದುಕೊಂಡು ಬಂದೇ ಬರುತ್ತಾರೆ. ಬೇಡವೇ ಬೇಡ! ದೊಡ್ಡ ನಾಯಿಯ ಕರುಳು ಬೇಡದ ಕ್ಯಾಲ್ಸಿಯಂ ಬಿಟ್ಟುಬಿಡುತ್ತದೆ, ಎಳೆ ಮರಿಗೆ ಆರು ತಿಂಗಳವರೆಗೆ ಆ ಹಿಡಿತ ಸರಿಯಾಗಿ ಇರುವುದಿಲ್ಲ. ಕೊಟ್ಟಷ್ಟೂ ಒಳಗೆ ಹೋಗುತ್ತದೆ, ಮೂಳೆ ಕೀಲು ಸೊಟ್ಟಗೆ ಬೆಳೆಯುತ್ತವೆ. ಕಾಳಿನಲ್ಲೇ ಎಲ್ಲ ಅಳತೆ ಹಾಕಿ ಇಟ್ಟಿರುತ್ತಾರೆ, ಮೇಲೆ ಸಿರಪ್ ಸುರಿದರೆ ಆ ಅಳತೆ ಕೆಡುತ್ತದೆ. ನನಗೆ ಇದೊಂದು ವಿಷಯದಲ್ಲಿ ಸಿಟ್ಟೇ ಬರುತ್ತದೆ, ದುಡ್ಡೂ ದಂಡ, ನಾಯಿಯ ಕಾಲೂ ದಂಡ.

ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ ಹಾಕಿ, ಆರು ತಿಂಗಳವರೆಗೆ ಮೂರು ಸಲ, ಆಮೇಲೆ ಎರಡೇ. ಅಳತೆಯನ್ನು ಚೀಲದ ಮೇಲೆ ಬರೆದಿರುತ್ತಾರೆ, ಅದು ಶುರುವಿಗೆ ಮಾತ್ರ. ಮುಂದಿನದ್ದನ್ನು ಪಕ್ಕೆ ಮುಟ್ಟಿ ಹೆಚ್ಚು ಕಡಿಮೆ ಮಾಡುವುದು. ಬಹುಮಾನ ಅಂತ ಕೊಡುವ ತಿಂಡಿಯೂ ಆ ಅಳತೆಯೊಳಗೇ ಬರಬೇಕು. ನಾನು ಬೆಳಗ್ಗೆ ಟೆಸ್‌ಳ ಕಾಳಿನಲ್ಲಿ ಒಂದು ಹಿಡಿ ಜೇಬಿಗೆ ಹಾಕಿಕೊಳ್ಳುತ್ತೇನೆ, ಸೀಟಿಗೆ ಓಡಿ ಬಂದರೆ ಅದರಲ್ಲೇ ಒಂದೆರಡು. ತಿಂದ ತಕ್ಷಣ ಓಡಿಸಬಾರದು, ಓಡಿ ಬಂದ ತಕ್ಷಣ ಹೊಟ್ಟೆ ತುಂಬ ಹಾಕಲೂಬಾರದು. ಹೊಟ್ಟೆ ಉಬ್ಬಿ ತಿರುಚಿಕೊಂಡರೆ ಗಂಟೆಗಳೊಳಗೆ ಜೀವ ಹೋಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್ ಬೇಡ. ದ್ರಾಕ್ಷಿ, ಒಣದ್ರಾಕ್ಷಿ ಅಂತೂ ಕಿಡ್ನಿಯನ್ನೇ ಹಾಳು ಮಾಡುತ್ತವೆ. ಅಂದರೆ ನಿನ್ನ ಕೇಸರಿಬಾತ್ ಮರಿಗಿಲ್ಲ.

ಮರಿ ನಾಲ್ಕೈದು ತಿಂಗಳಿಗೆ ದೊಡ್ಡ ನಾಯಿಯ ಅರ್ಧ ತೂಕ ಮುಟ್ಟುತ್ತದೆ. ಆದರೆ ಮೂಳೆಯ ತುದಿ ಗಟ್ಟಿಯಾಗಲು ವರ್ಷವೇ ಬೇಕು, ಕೆಲವಕ್ಕೆ ಇನ್ನೂ ಜಾಸ್ತಿ. ಭಾರ ಮುಂದೆ ಓಡುತ್ತದೆ, ಮೂಳೆ ಹಿಂದೆ ಉಳಿಯುತ್ತದೆ, ಇದೇ ತೊಂದರೆ. ನಾರ್ವೆಯಲ್ಲಿ ನೋಡಿದ್ದಾರೆ, ಮೂರು ತಿಂಗಳೊಳಗೆ ದಿನಾ ಮೆಟ್ಟಿಲು ಹತ್ತಿಳಿದ ಮರಿಗಳಿಗೆ ಸೊಂಟದ ಕೀಲಿನ ತೊಂದರೆ ಜಾಸ್ತಿ, ಮೆತ್ತನೆ ನೆಲದಲ್ಲಿ ಹಗ್ಗವಿಲ್ಲದೆ ತಾನಾಗಿ ಆಡಿದವಕ್ಕೆ ಕಡಿಮೆ. ಹಾಗಾಗಿ ಮೆತ್ತಿನ (ಮಹಡಿಯ) ಏಣಿಯ ಬುಡಕ್ಕೆ ಹಲಗೆ ಅಡ್ಡ ಇಡಿ. ಜಗಲಿಯ ನುಣುಪು ನೆಲದಲ್ಲಿ ಚೆಂಡು ಎಸೆದು ಜಾರಿಸುವ ಆಟ ಬೇಡ. ತೋಟದಲ್ಲಿ ಸೊಪ್ಪಿನ ಮೇಲೆ ಬಿಡಿ, ಆಡಿ ಸಾಕಾದಾಗ ತಾನೇ ಮಲಗುತ್ತದೆ. ಟೆಸ್‌ಗೂ ಈಗ ಓಟದ ಪಾಠ ಇಲ್ಲ. ಹಲ್ಲು ಬೀಳುವ ತಿಂಗಳುಗಳಲ್ಲಿ ಹಕ್ಕಿಯ ಬದಲು ಎಸೆದು ಕಲಿಸುವ ಬಟ್ಟೆಯ ಡಮ್ಮಿ ತರಿಸುವುದನ್ನೂ ಅಜ್ಜ ನಿಲ್ಲಿಸಿದ್ದರು, ಬಾಯಿ ನೋವಾದರೆ ಹಿಡಿಯುವುದನ್ನೇ ದ್ವೇಷಿಸುತ್ತದಂತೆ. ಮುಂದೆ ಕೆಲಸ ಶುರುವಾದ ಮೇಲೆ ಚಳಿಗಾಲದಲ್ಲಿ ಅಳತೆ ಏರುತ್ತದೆ, ಕೊಬ್ಬಿನ ಅಂಶ ಜಾಸ್ತಿ ಇರುವ ಕಾಳು ಬರುತ್ತದೆ, ದೊಡ್ಡ ಊಟ ಸಂಜೆ ಮೈ ಒರೆಸಿ ದಣಿವಾರಿದ ಮೇಲೆ.

ತಮ್ಮನಿಗೆ ಒಂದು ಮಾತು. ಇಲ್ಲಿ ತಳಿ ಮಾಡುವ ಮೊದಲು ತಂದೆ ತಾಯಿ ನಾಯಿಗಳ ಸೊಂಟದ ಎಕ್ಸ್‌ರೇ ತೆಗೆದು ಒಂದೊಂದು ಬದಿಗೆ 0ರಿಂದ 53ರವರೆಗೆ ಅಂಕ ಹಾಕುತ್ತಾರೆ, ಕಡಿಮೆ ಬಂದಷ್ಟೂ ಒಳ್ಳೆಯದು. ಮಾರುವವನ ಹತ್ತಿರ ಎಕ್ಸ್‌ರೇ ಇದೆಯಾ ಅಂತ ಕೇಳು. ಇಲ್ಲ ಅಂದರೆ ತಾಯಿ ನಾಯಿ ನಡೆಯುವುದನ್ನಾದರೂ ನೋಡು. ಎಂಟು ವಾರ ತುಂಬದ ಮರಿ ಕೊಟ್ಟರೆ ತರಬೇಡ.

ಉಣುಗಿನ ಔಷಧಿ ತಪ್ಪಿಸಬೇಡಿ. ಮಂಗನ ಕಾಯಿಲೆಯ ಸೀಮೆ ನಮ್ಮದು, ಮರಿ ಬೆಟ್ಟಕ್ಕೆ ಹೋಗಿ ಉಣುಗು ಹೊತ್ತುಕೊಂಡು ಮನೆಗೇ ಬರುತ್ತದೆ. ಇಲ್ಲೂ ಕುರಿ ಮೇಯುವ ಗುಡ್ಡಗಳಲ್ಲಿ ಉಣುಗಿನಿಂದ ಲೂಪಿಂಗ್ ಇಲ್ ಅಂತ ಒಂದು ರೋಗ ಬರುತ್ತದೆ, ಅದರ ವೈರಸ್ಸು ಮಂಗನ ಕಾಯಿಲೆಯ ವೈರಸ್ಸಿಗೆ ದಾಯಾದಿ! ತಿರುಗಾಡಿ ಬಂದ ಮೇಲೆ ಟೆಸ್‌ಳ ಕಿವಿಯ ಹಿಂದೆ, ಬೆರಳುಗಳ ಸಂದಿಯಲ್ಲಿ, ತೊಡೆ ಸಂದಿಯಲ್ಲಿ ನೋಡಿಯೇ ಒಳಗೆ ಬಿಡುವುದು. ಹುಳದ ಔಷಧಿ ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ಲಸಿಕೆ ಹಾಕಿಸುವಾಗ ಇಲಿ ಜ್ವರದ್ದೂ ಇದೆಯಾ ಅಂತ ಕೇಳಿ, ಮಳೆಗಾಲದಲ್ಲಿ ತೋಟದ ನೀರು ಕುಡಿಯದೆ ಬಿಡುವುದಿಲ್ಲ.

ಮರಿ ಬಂದ ದಿನ ಅಪ್ಪಯ್ಯನ ಅಡಿಕೆ ತಕ್ಕಡಿಯಲ್ಲೇ ತೂಗಿ ಕ್ಯಾಲೆಂಡರಿನಲ್ಲಿ ಬರೆದಿಡಿ, ಆಮೇಲೆ ವಾರಕ್ಕೊಮ್ಮೆ. ಹೆಸರು ಇಡುವ ಮೊದಲು ನನ್ನನ್ನೂ ಕೇಳಿ, ತಮ್ಮ ಇಡುವ ಹೆಸರು ಕೂಗಲು ನಾಚಿಕೆ ಆಗುವಂಥದ್ದೇ ಇರುತ್ತದೆ. ಭಾನುವಾರ ಫೋನ್ ಮಾಡುತ್ತೇನೆ.

ನಿನ್ನ ಮಗಳು